ಬಲಗೈಯಲ್ಲಿ ಕೊಟ್ಟ ಎಲೆ

ಅವರು ತೀರಿಕೊಂಡ ಸುದ್ದಿ ನಮ್ಮ ಡಾಕ್ಟರುಗಳ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಬೆಳಗಿನ ಕಾಫಿ ಕುಡಿಯುತ್ತಿದ್ದೆ. ಮಧ್ಯಾಹ್ನದೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಐರ್ಲೆಂಡಿನಲ್ಲಿ ಉಳಿದವರು, ಅಲ್ಲಿಂದ ಬಿಟ್ಟು ಬಂದವರು, ಎಲ್ಲರೂ ಬರೆದದ್ದು ಒಂದೇ ಮಾತು. ಎಂಥಾ ಕೈಗುಣ, ಎಂಥಾ ಸರ್ಜನ್. ಓದುತ್ತ ಓದುತ್ತ ನನಗೆ ರೇಗಿತು. ಸುಳ್ಳೆಂದು ರೇಗಿದ್ದಲ್ಲ, ಅವರ ಕೈ ನಿಜಕ್ಕೂ ಹಾಗೇ ಇತ್ತು. ಆದರೆ ಆ ಕೈ ಕೆಲಸ ಬಿಟ್ಟದ್ದು ಹೇಗೆ ಅನ್ನುವುದು ಆ ಗುಂಪಿನಲ್ಲಿ ನನ್ನೊಬ್ಬಳಿಗೇ ಗೊತ್ತು. ಅಲ್ಲಿ ನಾನು ಏನೂ ಬರೆಯಲಿಲ್ಲ, ಇಲ್ಲಿ ಬರೆಯುತ್ತೇನೆ. ಹೆಸರು ಬೇಡ. ಅವರ ಮಗಳು ಈಗಲೂ ಆ ದೇಶದಲ್ಲೇ ಇದ್ದಾಳೆ.

ನಾನು ಅರಿವಳಿಕೆ ಡಾಕ್ಟರು. ದಾವಣಗೆರೆಯಲ್ಲಿ ಓದಿ, ಡಬ್ಲಿನ್ ಸಿಕ್ಕೀತು ಅಂತ ಹೋದವಳು ಡೊನೆಗಾಲ್ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹೋಗಿ ಬಿದ್ದಿದ್ದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಲೆಟರ್‌ಕೆನ್ನಿಗೆ ಹೋಗಬೇಕು. ದೇಶಕ್ಕೆ ದುಡ್ಡಿನ ಜ್ವರ ಹಿಡಿದಿದ್ದ ಕಾಲ ಅದು. ಎತ್ತ ನೋಡಿದರೂ ಕ್ರೇನು, ಅರ್ಧ ಎದ್ದ ಮನೆಗಳು. ಆಪರೇಷನ್ ಥಿಯೇಟರಿನಲ್ಲಿ ನರ್ಸುಗಳು ರಕ್ತದ ಹತ್ತಿ ಎಣಿಸುತ್ತ ಬಲ್ಗೇರಿಯಾದಲ್ಲಿ ಫ್ಲ್ಯಾಟ್ ಕೊಳ್ಳುವ ಮಾತಾಡುತ್ತಿದ್ದರು. ಇಷ್ಟೆಲ್ಲ ಸಂಭ್ರಮದಲ್ಲಿ ನಮ್ಮಂಥವರ ಪಾಲಿಗೆ ಮಾತ್ರ ಆರಾರು ತಿಂಗಳ ಕಾಂಟ್ರಾಕ್ಟು. ಜನವರಿಗೊಮ್ಮೆ, ಜುಲೈಗೊಮ್ಮೆ ಬಾಸ್ ಮುಖ ನೋಡಿಕೊಂಡು ನಿಲ್ಲಬೇಕು. ಕಾಂಟ್ರಾಕ್ಟ್ ಇದ್ದರೆ ವೀಸಾ, ಇಲ್ಲದಿದ್ದರೆ ಗಂಟುಮೂಟೆ.

ಅವರು ಮಂಡ್ಯ ಕಡೆಯವರು. ನನಗಿಂತ ಎಷ್ಟೋ ವರ್ಷ ಹಿರಿಯರು, ಆದರೂ ಇನ್ನೂ ರಿಜಿಸ್ಟ್ರಾರ್, ಅಂದರೆ ಬಾಸ್ ಕೈಕೆಳಗಿನ ಸರ್ಜನ್. ಅಲ್ಲಿ ನಮ್ಮವರಿಗೆ ಅದರ ಮೇಲಿನ ಕುರ್ಚಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಕೈಕೆಳಗೆ ಕೆಲಸ ಕಲಿತ ಹುಡುಗರು ಕನ್ಸಲ್ಟೆಂಟ್ ಆಗಿ ಬಂದು, ಇವರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಇವರಿಗೆ ಅದರ ಬೇಸರ ಇದ್ದಂತೆ ಕಾಣಲಿಲ್ಲ. ಬೋಳುತಲೆಗೆ ಕಂದು ಬಣ್ಣದ ಮಂಕಿ ಕ್ಯಾಪ್ ಏರಿಸಿಕೊಂಡು, ತುಕ್ಕು ಹಿಡಿದ ಕಾರಿನಲ್ಲಿ ಬರುತ್ತಿದ್ದರು. ದಾರಿಗೆ ಕುರಿ ಅಡ್ಡ ಬಂದರೆ ಹಾರನ್ ಹೊಡೆಯುವವರಲ್ಲ. ಕಿಟಕಿ ಇಳಿಸಿ, "ಹೋಗವ್ವಾ ತಾಯಿ, ಕೇಸ್ ಕಾಯ್ತಾ ಐತೆ" ಅನ್ನುತ್ತಿದ್ದರು. ಡೊನೆಗಾಲಿನ ಕುರಿಗಳಿಗೆ ಮಂಡ್ಯದ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ ಅನ್ನುವುದು ಅವರ ವಾದ.

ಥಿಯೇಟರಿನಲ್ಲಿ ನನ್ನದು ರೋಗಿಯ ತಲೆಯ ಕಡೆ, ಅವರದು ಹೊಟ್ಟೆಯ ಕಡೆ, ನಡುವೆ ಹಸಿರು ಬಟ್ಟೆಯ ಪರದೆ. ಆ ಪರದೆಯ ಮೇಲಿಂದ ನೋಡಿ ನೋಡಿಯೇ ನಾನು ಅವರನ್ನು ಅರಿತದ್ದು. ಅವರು ಗಂಟು ಹಾಕುವುದನ್ನು ನೋಡುವುದು ಒಂದು ಸುಖ. ನಮ್ಮ ಅಜ್ಜಿ ಮಾತಾಡುತ್ತಲೇ ಹೂ ಕಟ್ಟುತ್ತಿದ್ದಳು, ಬೆರಳ ಕಡೆ ನೋಡುತ್ತಿರಲಿಲ್ಲ. ಇವರ ಕೈಯೂ ಹಾಗೆ. ರಕ್ತ ಚಿಮ್ಮಿ, ಜೊತೆಗಿದ್ದ ಚಿಕ್ಕ ಡಾಕ್ಟರು ಕಂಗಾಲಾದರೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು: "ರಕ್ತ ಕಂಡು ಗಡಿಬಿಡಿ ಬೀಳೋನು ಮದ್ವೆಮನೇಲಿ ಸಾರು ಬಡಿಸೋಕೆ ಹೋಗ್ಲಿ ಕಣಮ್ಮಾ. ಅಲ್ಲಿ ಜನ ಬೇಕು." ಆ ಹುಡುಗ ತನ್ನನ್ನು ಹೊಗಳಿದರು ಅಂದುಕೊಂಡು ತಲೆಯಾಡಿಸುತ್ತಿದ್ದ.

ಮಧ್ಯಾಹ್ನದ ಊಟ ಸ್ಟೀಲ್ ಡಬ್ಬಿಯಲ್ಲಿ ಬರುತ್ತಿತ್ತು. ಮೊಸರನ್ನ, ಮೇಲೊಂದು ತುಂಡು ನಿಂಬೆ ಉಪ್ಪಿನಕಾಯಿ. ಕಾಫಿ ರೂಮಿನಲ್ಲಿ ಎಲ್ಲರೆದುರು ಕೈಯಲ್ಲೇ ಕಲಸಿ ಊಟ ಮಾಡುತ್ತಿದ್ದರು, ಯಾರಾದರೂ ನೋಡಿದರೆ ಅವರಿಗೂ ಒಂದು ಚೂರು ಉಪ್ಪಿನಕಾಯಿ ಕೊಟ್ಟು ಅವರ ಕಣ್ಣಲ್ಲಿ ನೀರು ಬರುವುದನ್ನು ನೋಡಿ ಆನಂದಪಡುತ್ತಿದ್ದರು. ಆ ವರ್ಷದ ಬೇಸಿಗೆ ಕಳೆದ ಮೇಲೆ ಡಬ್ಬಿ ಬರುವುದು ನಿಂತಿತು. ಕ್ಯಾಂಟೀನಿನ ಸ್ಯಾಂಡ್‌ವಿಚ್ ತೆಗೆದುಕೊಂಡು ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ಕೇಳಿದರೆ, "ನಿಮ್ಮಕ್ಕಂಗೆ ಬೆಳಗ್ಗೆ ಏಳೋಕೆ ಸೋಮಾರಿತನ" ಅಂದರು. ಅಕ್ಕ, ಅಂದರೆ ಅವರ ಹೆಂಡತಿ, ಕೋಳಿ ಕೂಗುವ ಮೊದಲೇ ಏಳುವ ಹೆಂಗಸು. ನಾನು ನಂಬಲಿಲ್ಲ, ಆದರೆ ಕೆದಕಲೂ ಇಲ್ಲ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ನಾಲ್ಕು ಜನ ಸೇರಿದರೆ ಪ್ರತಿಯೊಬ್ಬರೂ ಏನಾದರೊಂದು ಮಾಡಿ ತೋರಿಸಬೇಕು. ಹಾಡೋ, ಕುಣಿತವೋ, ಒಂದು ಪದ್ಯವೋ. ಅದಕ್ಕೆ ಪಾರ್ಟಿ ಪೀಸ್ ಅಂತ ಹೆಸರು. ನನಗೆ ಬರುವುದಿಲ್ಲ ಅಂದರೆ ಬಿಡುವ ಜನವಲ್ಲ. ಅವರಿಗೆ ಚೆಲ್ಲಾಟ, ನಮಗೆ ಪ್ರಾಣಸಂಕಟ. ನಾನು ಶಾಲೆಯಲ್ಲಿ ಕಲಿತ ಒಂದು ಕೋಲಾಟದ ಹಾಡನ್ನೇ ವರ್ಷ ವರ್ಷ ಹೇಳಿ ಪಾರಾಗುತ್ತಿದ್ದೆ. ಇವರಂತೂ ಆಸ್ಪತ್ರೆಯ ಕ್ರಿಸ್‌ಮಸ್ ಪಾರ್ಟಿಯ ದಿನ ತಪ್ಪದೆ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದರು. ಅಂಥವರು ಆ ನವೆಂಬರಿನಲ್ಲಿ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು:

"ಡಾಕ್ಟರಮ್ಮ, ಹಾಸ್ಟೆಲ್‌ನಲ್ಲಿ ಇದ್ದೋಳು ನೀನು. ಇಸ್ಪೀಟ್ ಎಲೇಲಿ ಯಾವ್ದಾದ್ರೂ ಸುಲಭದ ಆಟ ಗೊತ್ತಾ? ಜನರ ಮುಂದೆ ಮಾಡೋ ಅಂಥದ್ದು."

"ನಿಮಗಾ ಸರ್? ನೀವು ಎಲೆ ಮುಟ್ಟೋರಾ?"

"ಯುಗಾದಿ ದಿನ ಬಿಟ್ರೆ ಮುಟ್ಟಿಲ್ಲ. ಅದಕ್ಕೇ ಸುಲಭದ್ದು ಕೇಳ್ತಾ ಇರೋದು."

ನನಗೆ ಗೊತ್ತಿದ್ದದ್ದು ಒಂದೇ, ಹಾಸ್ಟೆಲಿನಲ್ಲಿ ಇದ್ದ ಪ್ರತಿ ಹುಡುಗಿಗೂ ಗೊತ್ತಿದ್ದದ್ದು. ಇಪ್ಪತ್ತೊಂದು ಎಲೆಯನ್ನು ಮೂರು ಸಾಲಾಗಿ ಹಾಕುವುದು. ಎದುರಿಗಿದ್ದವರು ಒಂದು ಎಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದು ಯಾವ ಸಾಲಿನಲ್ಲಿದೆ ಅಂತ ಮಾತ್ರ ಹೇಳಬೇಕು. ಆ ಸಾಲನ್ನು ಉಳಿದೆರಡರ ಮಧ್ಯೆ ಸೇರಿಸಿ ಮತ್ತೆ ಹಾಕುವುದು. ಹೀಗೆ ಮೂರು ಸಲ ಮಾಡಿದರೆ ಅವರ ಎಲೆ ತಾನಾಗಿ ನಟ್ಟನಡುವೆ ಬಂದು ಕೂರುತ್ತದೆ. ಕೈಚಳಕ ಬೇಡ, ಬುದ್ಧಿಯೂ ಬೇಡ. ಕೈ ಮಾತ್ರ ನಿಧಾನಕ್ಕೆ ಆಡುತ್ತಿರಬೇಕು.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಮುದ್ದೆ ಊಟ ಆಯಿತು. ಊಟದ ಮೇಜಿನ ಮೇಲೇ ಪಾಠ ಶುರು. ಮೂರು ಸಾಲು ಹಾಕಿದರು, ಚೆನ್ನಾಗಿಯೇ ಹಾಕಿದರು. ನಾನೊಂದು ಎಲೆ ಆರಿಸಿಕೊಳ್ಳಲು ಹೊತ್ತು ತೆಗೆದುಕೊಂಡೆ. ಅಷ್ಟರಲ್ಲಿ ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದ ಅವರ ಬಲಗೈ ಅಲುಗತೊಡಗಿತು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜುತ್ತಿದ್ದವು, ಗುಳಿಗೆ ಉರುಳಿಸುವ ಹಾಗೆ. ವೈದ್ಯಕೀಯ ಓದಿದ ಯಾರಿಗಾದರೂ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಮೊದಲ ಪಾಠದಲ್ಲೇ ಬರುತ್ತದೆ. ಅವರು ಎಡಗೈಯನ್ನು ಅದರ ಮೇಲಿಟ್ಟು ಮುಚ್ಚಿದರು.

"ನೋಡಿದ್ಯಾ?" ಅಂದರು.

"ನೋಡ್ದೆ ಸರ್. ಯಾವಾಗಿಂದ?"

"ಬೇಸಿಗೆಯಿಂದ. ನಿಮ್ಮಕ್ಕಂಗೆ ಗೊತ್ತು. ಮಗಳಿಗೆ ಗೊತ್ತಿಲ್ಲ."

ಮಗಳು ಮಹಡಿಯ ಮೇಲೆ ಓದುತ್ತಿದ್ದಳು. ಜೂನಿನಲ್ಲಿ ಅವಳ ಶಾಲೆಯ ಕೊನೆಯ ಪರೀಕ್ಷೆ.

"ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಗೆ ಹೋಗಿ ತೋರ್ಸಿ ಸರ್."

"ಅಲ್ಲಿ ನಮ್ಮೋರೇ ತುಂಬಿದಾರೆ. ನಾನು ಲಿಫ್ಟ್ ಇಳಿಯೋದ್ರೊಳಗೆ ಸುದ್ದಿ ಮಂಡ್ಯ ಮುಟ್ಟಿರುತ್ತೆ." ದನಿ ತಗ್ಗಿಸಿ ಹೇಳಿದರು, "ಕೆಲಸ ಮಾಡೋವಾಗ ನಡುಗಲ್ಲ ಕಣಮ್ಮಾ. ಸುಮ್ನೆ ಇದ್ದಾಗ ಮಾತ್ರ. ಆದ್ರೂ ನಮ್ಮ ಥಿಯೇಟರಿನ ದೊಡ್ಡ ಸಿಸ್ಟರ್ ಕಣ್ಣಿಗೆ ಬಿದ್ದೈತೆ. ಅವಳು ಆಗಲೇ ಅಲ್ಲಿ ಇಲ್ಲಿ ಹೇಳ್ತಾ ಇದಾಳೆ. ಎಲ್ಲರ ಎದುರು ಒಂದ್ಸಲ ಈ ಕೈಲಿ ಆಟ ಆಡಿ ತೋರಿಸಿಬಿಟ್ರೆ ಬಾಯಿ ಮುಚ್ಚುತ್ತೆ. ಜನವರಿ ಕಾಂಟ್ರಾಕ್ಟ್ ಸಿಕ್ಕಿದ್ರೆ ಮಗಳ ಪರೀಕ್ಷೆ ಮುಗಿಯುತ್ತೆ. ಆಮೇಲೆ ಚಾಕು ಮುಟ್ಟಲ್ಲ."

"ಅಲ್ಲೀತನಕ ಎಷ್ಟು ಹೊಟ್ಟೆ ಸರ್?"

ಅವರು ಮಹಡಿಯ ಮೆಟ್ಟಿಲ ಕಡೆ ನೋಡಿದರು. ನನ್ನ ಬಾಯಿ ಮೊದಲೇ ಜೋರು. "ಕ್ರಿಸ್‌ಮಸ್ ಒಳಗೆ ನೀವೇ ಬಾಸ್‌ಗೆ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ," ಅಂದೆ.

"ಹೇಳು. ಅದು ನಿನ್ನ ಧರ್ಮ," ಅಂದರು. "ಪಾರ್ಟಿ ಒಂದು ಆಗ್ಲಿ. ಅಲ್ಲಿ ಸಿಕ್ಕಿಹಾಕ್ಕೊಂಡ್ರೆ ನಾನೇ ಬಿಟ್ಟುಬಿಡ್ತೀನಿ. ಈಗ ಎಲೆ ಎತ್ಕೋ."

ಮನಸ್ಸಿನಲ್ಲೇ ಬೈದುಕೊಂಡು ಹೇಳಿಕೊಟ್ಟೆ. ಆ ಮನುಷ್ಯನ ಮೇಲೆ ಆಗ ನನಗೆ ಸಿಟ್ಟು ಎಷ್ಟಿತ್ತೋ ಅಷ್ಟೇ ಮರುಕವೂ ಇತ್ತು. ಎಡಗೈಯಲ್ಲಿ ನಡುಕ ಇರಲಿಲ್ಲ. ಹಾಗಾಗಿ ನನಗೆ ಹೊಳೆದದ್ದು ಸರಳ ಉಪಾಯ. "ಎಡಗೈಲಿ ಹಂಚಿ ಸರ್."

ಅವರು ನನ್ನನ್ನು ನೋಡಿದ ರೀತಿಗೆ ನಾನೇನೋ ಹೊಲಸು ಮಾತಾಡಿದೆನೇನೋ ಅನ್ನಿಸಿತು. "ಎಡಗೈಲಾ? ಸಿಸ್ಟರ್ ವಯಸ್ಸಲ್ಲಿ ನನಗಿಂತ ದೊಡ್ಡೋಳು. ದೊಡ್ಡೋರಿಗೆ ಎಡಗೈಲಿ ಕೊಟ್ರೆ ನಮ್ಮವ್ವ ಎದ್ದು ಬರ್ತಾಳೆ."

"ಇವ್ರಿಗೆ ಎಡ ಬಲ ಎರಡೂ ಒಂದೇ ಸರ್."

"ಅವ್ರಿಗೆ ಒಂದೇ. ನನಗಲ್ಲ."

ನೀರು ಕುಡಿಯಲು ಇಳಿದು ಬಂದ ಮಗಳು ಈ ಮಾತು ಕೇಳಿಸಿಕೊಂಡು, "ನೋಬಡಿ ಕೇರ್ಸ್, ಅಪ್ಪಾ. ಯೂ'ಲ್ ಬಿ ಗ್ರಾಂಡ್," ಅಂದು, ಅಪ್ಪಟ ಡೊನೆಗಾಲ್ ರಾಗದಲ್ಲಿ ಅಂದು, ಮೇಲೆ ಹೋದಳು. ಅಲ್ಲಿ ಗ್ರಾಂಡ್ ಅಂದರೆ ಏನೂ ತೊಂದರೆಯಿಲ್ಲ, ಚೆನ್ನಾಗಿದೆ ಅಂತ. ಅವರು ಅವಳ ಬೆನ್ನನ್ನೇ ನೋಡಿದರು. ಕೊನೆಗೆ ಅಡುಗೆಮನೆಯಿಂದ ಅಕ್ಕ ತೀರ್ಪು ಕೊಟ್ಟರು. "ಮೇಜಿನ ಮೇಲೆ ಇಟ್ರೆ ಕೊಟ್ಟಂಗಲ್ಲ ಕಣ್ರೀ. ತಗೊಳ್ಳೋರು ತಗೋತಾರೆ." ಅದಕ್ಕೆ ಅವರು ಒಪ್ಪಿದರು. ಎಡಗೈಯಲ್ಲಿ ಮೇಜಿನ ಮೇಲೆ ಹಾಕುವುದು, ಕೊನೆಯ ಎಲೆಯನ್ನೂ ಮೇಜಿನ ಮೇಲೆ ಮಗುಚಿ ಇಡುವುದು, ಸಿಸ್ಟರ್ ತಾನೇ ತಿರುಗಿಸಿ ನೋಡುವುದು. ಬಲಗೈ ಅಷ್ಟು ಹೊತ್ತೂ ಕೋಟಿನ ಜೇಬಿನಲ್ಲಿ.

ಪಾರ್ಟಿಯವರೆಗಿನ ವಾರಗಳು ನನಗೆ ನರಕ. ದೊಡ್ಡ ಕೇಸುಗಳನ್ನು ಅವರೇ ಉಪಾಯವಾಗಿ ಬಾಸ್ ಕಡೆ ತಳ್ಳುತ್ತಿದ್ದರು. ಆದರೂ ಚಿಕ್ಕವು ಇದ್ದೇ ಇದ್ದವು. ನಾನು ನೋಡಬೇಕಾದ್ದು ರೋಗಿಯ ಉಸಿರು, ನಾಡಿ. ನನ್ನ ಕಣ್ಣು ಪರದೆ ದಾಟಿ ಅವರ ಬೆರಳಿಗೇ ಹೋಗುತ್ತಿತ್ತು. ನಡುಗುತ್ತಿರಲಿಲ್ಲ, ನಿಜ. ಆದರೆ ಹೂ ಕಟ್ಟಿದಂತೆ ಬೀಳುತ್ತಿದ್ದ ಗಂಟು ಈಗ ತಡವರಿಸುತ್ತಿತ್ತು. ಒಂದು ದಿನ ಒಂದು ಗಂಟು ಜಾರಿತು, ಮತ್ತೆ ಹಾಕಿದರು, ಮತ್ತೆ ಜಾರಿತು. ಕತ್ತರಿ ಹಿಡಿದು ನಿಂತಿದ್ದ ಸಿಸ್ಟರ್ ಚಾವಣಿ ನೋಡುತ್ತಿದ್ದಳು. ಆ ರೋಗಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಪಾರ್ಟಿ ಇದ್ದದ್ದು ಊರಿನ ಹೋಟೆಲ್ಲೊಂದರ ಹಾಲಿನಲ್ಲಿ, ಶುಕ್ರವಾರ ಮಧ್ಯಾಹ್ನದ ಊಟಕ್ಕೆ. ಬಾಸ್ ಒಂದು ಉದ್ದನೆಯ ಪದ್ಯ ಹೇಳಿ ಮಧ್ಯೆ ಮರೆತರು. ನಾನು ಕೋಲಾಟದ ಹಾಡು ಹೇಳಿದೆ. ಆಮೇಲೆ ಇವರು ಎದ್ದರು. ಮದುವೆಯ ಸೂಟು, ಕೈಯಲ್ಲಿ ಎಲೆಯ ಕಟ್ಟು. ಬೇಕೆಂದೇ ಸಿಸ್ಟರನ್ನು ಮುಂದೆ ಕರೆದು ಕೂರಿಸಿಕೊಂಡರು. ಸುತ್ತ ಜನ ಕುರ್ಚಿ ಎಳೆದುಕೊಂಡು ಬಂದರು.

ಚೆನ್ನಾಗಿ ಮಾಡಿದರು. ಎಡಗೈಯಲ್ಲಿ ಎಲೆ ಹಾಕುವುದನ್ನೇ ಜನ ಒಂದು ಶೋಕಿ ಅಂದುಕೊಂಡರು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಒಂದೊಂದಾಗಿ ಎಲೆ ತೆಗೆಯುತ್ತ ಬಂದು, ಬೇಕಾದದ್ದು ಬಂದಾಗ ಮಗುಚಿ ಹಿಡಿದು ನಿಂತರು. ಇನ್ನು ಮೇಜಿನ ಮೇಲೆ ಇಡಬೇಕು, ಅಷ್ಟೇ. ಅಷ್ಟರಲ್ಲಿ ಸಿಸ್ಟರ್ ಅಂಗೈ ಚಾಚಿದಳು.

ಹಿರಿಯ ಹೆಂಗಸು ಕೈ ಚಾಚಿದ್ದಾಳೆ. ಹುಟ್ಟಿದಾಗಿನಿಂದ ಬಂದ ಪದ್ಧತಿ ಎಲ್ಲಿ ಹೋಗುತ್ತದೆ? ಅವರಿಗೆ ತಿಳಿಯದಂತೆಯೇ ಬಲಗೈ ಜೇಬಿನಿಂದ ಹೊರಗೆ ಬಂತು. ಎಲೆ ಬಲಗೈಗೆ ದಾಟಿತು. ಎಡಗೈ ಬಲಮೊಣಕೈಯನ್ನು ಮುಟ್ಟಿತು, ತಾಂಬೂಲ ಕೊಡುವಾಗ ನಾವು ಮುಟ್ಟುವ ಹಾಗೆ. ಸಿಸ್ಟರ್ ಆಟದ ಮಜಾ ಹೆಚ್ಚಿಸಲು ಎಲೆ ತೆಗೆದುಕೊಳ್ಳದೆ ಕಣ್ಣು ಮುಚ್ಚಿ, "ತಾಳು, ತಾಳು" ಅನ್ನುತ್ತ ಕೂತಳು. ಚಾಚಿದ ಕೈ ಹಾಗೇ ನಿಂತಿತ್ತು. ಆಮೇಲೆ ಎಲೆ ನಡುಗತೊಡಗಿತು. ಮೊದಲು ಸಣ್ಣಗೆ, ಆಮೇಲೆ ಹಾಲಿನ ಕೊನೆಯ ಕುರ್ಚಿಗೂ ಕಾಣುವ ಹಾಗೆ.

ಸಿಸ್ಟರ್ ಕಣ್ಣು ತೆರೆದಳು. ಮೊದಲು ನಕ್ಕದ್ದು ಬಾಸ್. ಆಮೇಲೆ ಇಡೀ ಹಾಲ್ ನಕ್ಕಿತು. ಸಿಸ್ಟರ್ ಕಣ್ಣೀರು ಬರುವಷ್ಟು ನಕ್ಕು, ಎಲೆ ಕಿತ್ತುಕೊಂಡು ತಿರುಗಿಸಿದಳು. ಆಟೀನ್ ರಾಣಿ. ಅವಳದೇ ಎಲೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಿಸ್ಟರ್ ನನ್ನ ಪಕ್ಕಕ್ಕೆ ಬಂದು ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ನಾವಾಡಿದ ಮಾತು ಅವನ ಕಿವಿಗೆ ಬಿದ್ದಿತ್ತು ನೋಡು. ನಮ್ಮನ್ನೇ ಅಣಕಿಸಿಬಿಟ್ಟ. ನಾನೊಬ್ಬಳು ಮೂರ್ಖಳು, ಅವನಿಗೇನಾಗಿದೆ, ಅವನು ಗ್ರಾಂಡ್." ಅವಳ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಅವಳಿಗೆ ಇವರೆಂದರೆ ಇಷ್ಟ. ಅವಳ ಅನುಮಾನವೂ ಆ ಇಷ್ಟದಿಂದಲೇ ಹುಟ್ಟಿದ್ದು.

ಹೊರಗೆ ಕಾರ್ ನಿಲ್ಲಿಸಿದ್ದ ಜಾಗದಲ್ಲಿ ಅವರು ಸಿಕ್ಕಿದರು. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಮಬ್ಬುಗತ್ತಲು. ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

"ನೋಡಿದ್ರಲ್ಲಮ್ಮಾ ಎಲ್ಲರೂ," ಅಂದರು.

"ನೋಡಿದ್ರು ಸರ್."

"ನೋಡಿ ಚಪ್ಪಾಳೆ ಹೊಡೆದ್ರು. ಸಿಕ್ಕಿಹಾಕ್ಕೊಂಡ್ರೆ ಬಿಡ್ತೀನಿ ಅಂದಿದ್ದೆ. ಸಿಕ್ಕಿಹಾಕ್ಕೊಂಡೆ, ಯಾರೂ ಹಿಡೀಲಿಲ್ಲ. ಇನ್ನು ನಾನು ಯಾರ ಹೊಟ್ಟೆ ಬೇಕಾದ್ರೂ ಕುಯ್ಯಬಹುದು. ತಡೆಯೋರಿಲ್ಲ."

"ನಾನು ತಡೀತೀನಿ. ನಾನು ಹೇಳ್ತೀನಿ."

"ನಿನ್ನ ಮಾತು ಈಗ ಯಾರು ನಂಬ್ತಾರೆ?"

ಗೆದ್ದವರು ಆಡುವ ಮಾತಿನ ಹಾಗೆ ಇರಲಿಲ್ಲ ಅದು. ಅವರು ಹೆದರಿದ್ದರು. ಅಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಆಗಲೇ. ನನಗೂ ಭಯವಾಯಿತು, ಏಕೆಂದರೆ ಅವರ ಮಾತು ನಿಜ. ನಾನು ಹೋಗಿ ಹೇಳಿದರೆ ಬಾಸ್ ನಗುತ್ತಾರೆ, ಸಿಸ್ಟರ್ ನಗುತ್ತಾಳೆ. ಸೋಮವಾರ ಬೆಳಗ್ಗೆ ಲಿಸ್ಟಿನಲ್ಲಿ ಮೊದಲ ಕೇಸು ಅವರದೇ ಇತ್ತು.

ಮುಂದೆ ಅವರಿಗೆ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಬೆಳಗ್ಗೆ ಬಾಸ್ ರೂಮಿಗೆ ಹೋಗಿ, ತಮಗೆ ಪಾರ್ಕಿನ್ಸನ್ ಇದೆ ಅಂದರಂತೆ. ಬಾಸ್, "ಶುಕ್ರವಾರದ ತಮಾಷೆ ಸಾಕು ಮಾರಾಯ" ಅಂದರಂತೆ. ಇವರು ಬಲಗೈಯನ್ನು ಬಾಸ್ ಮೇಜಿನ ಮೇಲೆ ಇಟ್ಟು, ಅದು ತಾನಾಗಿ ನಡುಗಲು ಶುರು ಮಾಡುವವರೆಗೂ ಸುಮ್ಮನೆ ಕೂತಿದ್ದರಂತೆ. ಬಾಸ್ ಕೆಟ್ಟವರಲ್ಲ. ಜುಲೈವರೆಗೆ ಹೊರರೋಗಿಗಳನ್ನು ನೋಡುವ ಕೆಲಸ ಕೊಟ್ಟರು, ಮಗಳ ಪರೀಕ್ಷೆ ಮುಗಿಯಿತು. ಆದರೆ ಬಾಸ್ ಒಳ್ಳೆಯವರು ಅನ್ನುವುದು ಆ ರೂಮಿನ ಬಾಗಿಲು ತಟ್ಟುವಾಗ ಇವರಿಗೆ ಗೊತ್ತಿರಲಿಲ್ಲ. ಊರಿಗೆ ವಾಪಸು ಬಂದು, ಬಹಳ ವರ್ಷ ವಿದ್ಯಾರ್ಥಿಗಳಿಗೆ ಅಂಗರಚನೆ ಕಲಿಸಿದರು. ನಡುಕ ಮೈಯೆಲ್ಲ ಹರಡಿದ ಮೇಲೂ ಕಲಿಸಿದರು ಅಂತ ಕೇಳಿದ್ದೇನೆ.

ನಾನು ಕಣ್ಣಾರೆ ಕಂಡದ್ದು ಆ ಸೋಮವಾರದ್ದು. ಥಿಯೇಟರಿನ ಪಕ್ಕ ಅರಿವಳಿಕೆ ಕೊಡುವ ಸಣ್ಣ ಕೋಣೆ. ಅದಕ್ಕೆ ಎರಡು ಬಾಗಿಲು, ಒಂದು ಕಾರಿಡಾರಿಗೆ, ಇನ್ನೊಂದು ಥಿಯೇಟರಿಗೆ. ಹರ್ನಿಯಾ ಆಪರೇಷನ್ನಿಗೆ ಬಂದ ಒಬ್ಬ ಮುದುಕ, ಕುರಿ ಸಾಕುವವನು, ತಳ್ಳುಮಂಚದ ಮೇಲೆ ಮಲಗಿದ್ದ. ಇವರೇ ಮಾಡಬೇಕು ಅಂತ ಕೇಳಿಕೊಂಡು, ತಿಂಗಳುಗಟ್ಟಲೆ ಕಾದು ಬಂದವನು. ಭಾನುವಾರವೆಲ್ಲ ನಾನು ಯಾರಿಗೆ ಏನು ಹೇಳಲಿ ಅಂತ ಒದ್ದಾಡಿದ್ದೆ. ಇವರೇ ಆಪರೇಷನ್ನಿಗೆ ನಿಂತರೆ, ಬಾಸ್ ಬಂದು ಹೇಳಿದರೂ ಈ ಮುದುಕನಿಗೆ ನಾನು ಔಷಧಿ ಕೊಡುವುದಿಲ್ಲ ಅಂತ ನಿಂತುಬಿಡುವುದು, ಆಮೇಲೆ ಆದದ್ದಾಗಲಿ ಅಂದುಕೊಂಡಿದ್ದೆ.

ಕಾರಿಡಾರಿನ ಬಾಗಿಲು ತೆರೆದು ಅವರು ಬಂದರು. ಥಿಯೇಟರಿನ ನೀಲಿ ಬಟ್ಟೆ ಹಾಕಿರಲಿಲ್ಲ. ಕೋಟು, ಟೈ, ಕೈಯಲ್ಲಿ ಮಂಕಿ ಕ್ಯಾಪ್. ನನ್ನ ಕಡೆ ನೋಡದೆ ಮುದುಕನ ತಲೆಯ ಬಳಿ ಹೋಗಿ ನಿಂತರು.

"ಇವತ್ತು ನಿನಗೆ ಬಾಸ್ ಮಾಡ್ತಾರೆ," ಅಂದರು.

"ನಾನು ಕೇಳಿಕೊಂಡು ಬಂದದ್ದು ನಿಮ್ಮನ್ನ," ಅಂದ ಮುದುಕ.

"ಗೊತ್ತು. ನನ್ನ ಕೈ ಸರಿಯಿಲ್ಲ."

"ಯಾರು ಹಾಗಂದದ್ದು?"

"ಯಾರೂ ಅನ್ನಲಿಲ್ಲ. ನಾನೇ ಹೇಳ್ತಾ ಇದ್ದೇನೆ."

ಮುದುಕ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ಸರಿ," ಅಂದ. ನಾನು ಔಷಧಿ ಕೊಟ್ಟೆ. ನನಗೆ ಅಳು ಬಂದಿತ್ತು, ಮುಖಕ್ಕೆ ಮಾಸ್ಕ್ ಇತ್ತು, ಬಚಾವಾದೆ. ಮುದುಕನ ಕಣ್ಣು ಮುಚ್ಚುವವರೆಗೂ ಅವರು ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಸಿಸ್ಟರ್ ಒಳಗಿನ ಬಾಗಿಲು ತೆರೆದಳು, ನಾನು ಮಂಚ ತಳ್ಳಿದೆ. ಅವರೂ ಮಂಚದ ಜೊತೆಗೆ ಥಿಯೇಟರಿನ ಕಡೆ ಹೆಜ್ಜೆ ಹಾಕಿದರು, ಅಷ್ಟು ವರ್ಷ ಹಾಕಿದ ಹಾಗೆ. ಹೊಸ್ತಿಲಲ್ಲಿ ನಿಂತರು. ಕಾಲಲ್ಲಿದ್ದ ತಮ್ಮ ಹೊರಗಿನ ಬೂಟುಗಳನ್ನು ನೋಡಿಕೊಂಡರು. ಮಂಚ ಒಳಗೆ ಹೋಗಲು ಜಾಗ ಬಿಟ್ಟು ಗೋಡೆಗೆ ಸರಿದು, ಆಮೇಲೆ ಬಂದ ಬಾಗಿಲಿನಿಂದಲೇ ಹೊರಗೆ ಹೋದರು.